ಬಿಚ್ಚಿ ಕಟ್ಟುವ ರೈಲು

ನಮ್ಮ ಐಹೊಳೆಗೆ ರೈಲಿಲ್ಲ. ಬಾದಾಮಿಗೋ ಬಾಗಲಕೋಟೆಗೋ ಹೋಗಿ ಹತ್ತಬೇಕು. ಆ ಹಳಿ ಹಾಕಿಸಿದ್ದು ಬರಗಾಲ. 1876–78ರಲ್ಲಿ ಈ ಸೀಮೆ ಕಾಳಿಲ್ಲದೆ ಕಂಗೆಟ್ಟ ಮೇಲೆ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1884ರಲ್ಲಿ ಹೋಟಗಿ–ಗದಗ ಮೀಟರ್ ಗೇಜ್ ಹಳಿಯ ಮೇಲೆ ಗಾಡಿ ಓಡಿತು. ನನಗೆ ಆಟಿಕೆ ಎಂಜಿನ್‌ಗಳ ಹುಚ್ಚು ಹಿಡಿಸಿದ್ದೂ ಈ ಹಳಿಯೇ.

ಆಟಿಕೆ ರೈಲಿನಲ್ಲಿ ಮೊದಲು ಜರ್ಮನಿಯದೇ ಕಾರುಬಾರು. 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಮೆರ್ಕ್ಲಿನ್ ಕಂಪನಿ ಹಳಿಯ ಅಗಲಕ್ಕೆ ಅಳತೆ ಗೊತ್ತುಮಾಡಿತು. ಅದಿರಲಿ, ನಾನು ಹೇಳಬೇಕಾದ್ದು ಫ್ರಾಂಕ್ ಹಾರ್ನ್‌ಬಿಯ ಕಥೆ.

ಲಿವರ್‌ಪೂಲ್‌ನಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿಯ ಬಳಿ ಗುಮಾಸ್ತನಾಗಿದ್ದವನು ಈತ. ಮಕ್ಕಳಿಗೊಂದು ಕ್ರೇನ್ ಮಾಡಿಕೊಡಲು ತಾಮ್ರದ ತಗಡನ್ನು ಕೈಯಾರೆ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅರ್ಧ ಇಂಚಿಗೊಂದು ತೂತು ಕೊರೆದ. ಎಲ್ಲ ತೂತುಗಳ ಅಂತರವೂ ಒಂದೇ! ಯಾವ ಪಟ್ಟಿ ಯಾವುದಕ್ಕಾದರೂ ಕೂಡುತ್ತಿತ್ತು. ಕ್ರೇನ್ ಬಿಚ್ಚಿ ಸೇತುವೆ ಕಟ್ಟಬಹುದಿತ್ತು. ಧಣಿಯಿಂದ 5 ಪೌಂಡ್ ಸಾಲ ಪಡೆದು 1901ರಲ್ಲಿ ಪೇಟೆಂಟ್ ಮಾಡಿಸಿದ. ಮುಂದೆ ಮೆಕ್ಯಾನೊ ಎಂದು ಲೋಕವೆಲ್ಲ ಹೆಸರಾದದ್ದು ಅದೇ. 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲು ತಂದಾಗಲೂ ಅದೇ ಬುದ್ಧಿ. ಮಕ್ಕಳು ಬಿಚ್ಚಿ ಮತ್ತೆ ಕಟ್ಟುವಂತೆ ಎಂಜಿನ್ನನ್ನು ನಟ್ಟು–ಬೋಲ್ಟಿನಿಂದಲೇ ಜೋಡಿಸಿದ. ನೂರು ವರ್ಷವಾದ ಎಂಜಿನ್ ಇವತ್ತೂ ದುರಸ್ತಿಗೆ ಒಗ್ಗುತ್ತಿರುವುದು ಆ ಪುಣ್ಯದಿಂದ.

ಬಿಚ್ಚಿ, ಗಟ್ಟಿಗಟ್ಟಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದರೆ ಎಷ್ಟೋ ಎಂಜಿನ್‌ಗಳು ಓಡಿಬಿಡುತ್ತವೆ. ಸ್ಪ್ರಿಂಗು, ಹಲ್ಲುಚಕ್ರಗಳ ಈ ಕೆಲಸವನ್ನು ಗಡಿಯಾರ ರಿಪೇರಿಯವರಿಗೆ ಯಾರೂ ಕಲಿಸಬೇಕಿಲ್ಲ. ಕೈಸೋಲಿಸುವುದು ಸತುವಿನ ಎರಕದ ಚಕ್ರಗಳು. ಎರಕದಲ್ಲಿ ಚೂರು ಸೀಸ ಬೆರೆತಿದ್ದರೂ ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ಅದಕ್ಕೆ ಮದ್ದಿಲ್ಲ, ಹೊಸ ಚಕ್ರವೇ ಗತಿ. ಮೂಲ ಬಣ್ಣವನ್ನು ಮಾತ್ರ, ದಯವಿಟ್ಟು, ಮುಟ್ಟಬೇಡಿ. ನಮ್ಮೂರ ಲಾಡಖಾನ್ ಗುಡಿಗೆ ಅದರೊಳಗೆ ವಾಸವಿದ್ದವನ ಹೆಸರೇ ಉಳಿದಿದೆಯಲ್ಲ, ಹಾಗೆಯೇ ಎಂದೋ ಆಡಿದ ಮಗು ಮಾಡಿದ ಗೀರೂ ಎಂಜಿನ್ನಿನ ಚರಿತ್ರೆಗೆ ಸೇರಿದ್ದು.

ಇಂಥ ಚರಿತ್ರೆಯನ್ನು ಕಾಪಿಡಲು ಪುಣೆಯಲ್ಲಿ ಭಾವುಸಾಹೇಬ್ ಜೋಶಿಯವರು ಕಟ್ಟಿದ ಕಿರು ರೈಲುಗಳ ಸಂಗ್ರಹಾಲಯ 1998ರಿಂದ ಇದೆ. ಮೈಸೂರಿನ ರೈಲು ಸಂಗ್ರಹಾಲಯ 1979ರದು, ಹುಬ್ಬಳ್ಳಿಯದು 2020ರದು. ಹುಬ್ಬಳ್ಳಿಯದು ಇಷ್ಟು ತಡವಾಯಿತಲ್ಲ ಎಂದು ನನಗೆ ಸಂಕಟ. ಅಷ್ಟರೊಳಗೆ ನಮ್ಮ ಹಳಿ ಬ್ರಾಡ್‌ಗೇಜ್ ಆಗಿಹೋಗಿತ್ತು. ದೇಶದ ಮೀಟರ್ ಗೇಜ್ ಉಗಿ ಎಂಜಿನ್‌ಗಳಲ್ಲಿ ಬಹುಪಾಲು ಗುಜರಿ ಸೇರಿದ್ದವು. ಕತ್ತರಿಸಿ ಕರಗಿಸಿದ್ದನ್ನು ಯಾರು ತಾನೆ ದುರಸ್ತಿ ಮಾಡಿಯಾರು? ಮಾದರಿಯನ್ನಾದರೂ ಕಟ್ಟಬಹುದು. 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮೀಟರ್ ಗೇಜ್ ಹಳಿ ಸುಮಾರು 12 ಮಿಲಿಮೀಟರ್ ಆಗುತ್ತದೆ. ಆ ಅಳತೆಯ ಹಳಿ, ಚಕ್ರಗಳು ಸಿಗುತ್ತವೆ. ಬಾದಾಮಿ ನಿಲ್ದಾಣವನ್ನು ಹೀಗೆ ಕಟ್ಟುವ ಹುಡುಗ ಹುಡುಗಿಯರು ಬೇಕಾಗಿದ್ದಾರೆ.

ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ತಗಡಿನ ಎಂಜಿನ್ ಸಿಕ್ಕರೆ ಆತುರದಿಂದ ಕೀಲಿ ತಿರುಗಿಸಬೇಡಿ. ಮೊದಲು ಚಕ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಓಡಿಸದೆ, ಮೆತ್ತನೆಯ ಬಟ್ಟೆ ಸುತ್ತಿ, ಗಡಿಯಾರ ರಿಪೇರಿ ಬಲ್ಲವರ ಹತ್ತಿರ ಒಯ್ಯಿರಿ.