ಹಾಸಿಗೆಯ ಮೇಲಿನ ತುತ್ತು

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನದ ಬರಹರೂಪ)



ಕಳೆದ ಸೋಮವಾರ ಸಂಜೆ ತರುಣ ದಂಪತಿಗಳಿಬ್ಬರು ಮಠಕ್ಕೆ ಬಂದಿದ್ದರು. ಜೊತೆಯಲ್ಲಿ ಹುಡುಗನ ತಾಯಿಯೂ ಇದ್ದರು. ದಂಪತಿಗಳಿಬ್ಬರೂ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು. ನಮಸ್ಕರಿಸಿ ಕುಳಿತ ಮೇಲೆ ಹುಡುಗ ನಗುತ್ತ, "ಬುದ್ಧಿ, ನಮ್ಮ ಮನೆಯ ಒಂದು ವ್ಯಾಜ್ಯವನ್ನು ತಾವೇ ತೀರ್ಮಾನ ಮಾಡಬೇಕು. ಆರು ದಿನ ದುಡಿಯುತ್ತೇನೆ. ಭಾನುವಾರ ಒಂದು ದಿನ ಹಾಸಿಗೆಗೇ ಕಾಫಿ, ಹಾಸಿಗೆಗೇ ತಿಂಡಿ ಬರಲಿ ಅಂತೀನಿ. ಇವಳು ಆಗೋದಿಲ್ಲ ಅಂತಾಳೆ. ಇದರಲ್ಲಿ ತಪ್ಪೇನು?" ಎಂದ. ತಾಯಿಯೂ, "ಒಂದು ದಿನ ತಾನೆ ಬುದ್ಧಿ, ತಂದುಕೊಟ್ಟರೆ ಏನಾಯ್ತು?" ಎಂದರು. ಸುತ್ತ ಕುಳಿತವರೆಲ್ಲ ನಕ್ಕರು. ನಾವೂ ನಕ್ಕೆವು. ಆ ಹೆಣ್ಣುಮಗಳು ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಕುಳಿತಿದ್ದಳು. ಆಕೆ ನಗದೆ ಇದ್ದುದರಿಂದಲೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಹಾಸಿಗೆಯ ಮೇಲೆ ಉಣ್ಣುವುದು ಸುಖವೋ, ತೊಡಕೋ? 'ಹಾಸಿಗೆ ಮೈಲಿಗೆ, ಅಲ್ಲಿ ಅನ್ನ ಇಡಬಾರದು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಲಿಂಗವಂತರಾದ ನಾವು ಹಾಗೆ ಹೇಳುವಂತಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಕಳೆದರು. ಎದೆಯ ಮೇಲೆ ಇಷ್ಟಲಿಂಗವಿರುವಾಗ ಆ ದೇಹ ಒರಗುವ ಹಾಸಿಗೆ ಮೈಲಿಗೆಯಾದೀತೆ? ಆಗದು. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಮಡಿಯಲ್ಲಿ ಹುಡುಕದೆ ಬೇರೆಡೆ ಹುಡುಕಬೇಕು.

ಸುಖವಿಲ್ಲವೆಂದರೆ ಸುಳ್ಳಾದೀತು. ಮಾಗಿಯ ಚಳಿ, ಕಂಬಳಿಯ ಬಿಸುಪು, ಕೈಗೆ ಬಂದ ಹಬೆಯಾಡುವ ಲೋಟ. ಯಾರಿಗೆ ಬೇಡ? ಆದರೆ ಈ ಸುಖ ಎಲ್ಲಿಂದ ಬಂತು ನೋಡಿ. ಬ್ರಿಟಿಷರು ಆಳುತ್ತಿದ್ದಾಗ ಸಾಹೇಬರು ಏಳುವ ಹೊತ್ತಿಗೆ ಸೇವಕ ಚಹಾವನ್ನೂ ಒಂದಿಷ್ಟು ಹಣ್ಣನ್ನೋ ಬಿಸ್ಕತ್ತನ್ನೋ ಮಲಗಿದಲ್ಲಿಗೇ ತರುತ್ತಿದ್ದ. ಅದಕ್ಕೆ 'ಛೋಟಾ ಹಾಜ್ರಿ' ಎಂದು ಹೆಸರು. 1947ರಲ್ಲಿ ಸಾಹೇಬರ ಆಳ್ವಿಕೆ ಹೋಯಿತು. ಛೋಟಾ ಹಾಜ್ರಿ ಮಾತ್ರ 'ಬೆಡ್ ಕಾಫಿ' ಆಗಿ ನಮ್ಮ ಮನೆಗಳಲ್ಲಿ ಉಳಿಯಿತು. ತಟ್ಟೆ ಹಿಡಿದು ಬರುತ್ತಿದ್ದ ಆ ಸೇವಕನ ಜಾಗಕ್ಕೆ ಯಾರು ಬಂದರು? ಮನೆಯ ಮಡದಿ ಬಂದಳು, ಸೊಸೆ ಬಂದಳು. ಸಾಹೇಬನ ಸೇವಕನಿಗೆ ಸಂಬಳವಾದರೂ ಇತ್ತು.

ಇನ್ನು ಶಾಸ್ತ್ರದ ಮಾತು. ಆಹಾರವು ಹಿತವಾಗುವುದಕ್ಕೂ ಅಹಿತವಾಗುವುದಕ್ಕೂ ಕಾರಣವಾಗುವ ಎಂಟು ಅಂಶಗಳನ್ನು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಎಣಿಸಿದ್ದಾರೆ. ಆಹಾರದ ಪ್ರಕೃತಿ, ಅದರ ಸಂಸ್ಕಾರ, ಸಂಯೋಗ, ಪ್ರಮಾಣಗಳಲ್ಲದೆ ದೇಶ, ಕಾಲ, ಉಣ್ಣುವ ವಿಧಿ, ಉಣ್ಣುವವನು ಇವೂ ಅದರಲ್ಲಿ ಸೇರಿವೆ. ಹಿಂದಿನ ಊಟ ಅರಗಿರಬೇಕು, ಹರಟೆ ನಗೆಗಳಿಲ್ಲದೆ ಮನಸ್ಸಿಟ್ಟು ಉಣ್ಣಬೇಕು ಎಂಬುದು ಆ ವಿಧಿ. ಹಾಸಿಗೆಯಲ್ಲಿ ಉಣ್ಣುವವನು ಏನು ಮಾಡುತ್ತಾನೆ? ಬಾಯಿ ತೊಳೆದಿಲ್ಲ, ಕಣ್ಣು ಪೂರ್ತಿ ತೆರೆದಿಲ್ಲ, ಒಂದು ಕೈಯಲ್ಲಿ ಇಡ್ಲಿ, ಇನ್ನೊಂದು ಕೈಯಲ್ಲಿ ಮೊಬೈಲು. ಅರೆಮಲಗಿ ಉಂಡು ಮತ್ತೆ ಒರಗಿದರೆ ಹುಳಿತೇಗು, ಎದೆಯುರಿ ಬರುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಸಾಂಬಾರು ಹಾಸಿಗೆಗೆ ಚೆಲ್ಲಿದರೆ ಒಗೆಯುವವರು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇದನ್ನು ನಾವು ಬರಿಯ ಓದಿನಿಂದ ಹೇಳುತ್ತಿಲ್ಲ. ನಾವು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿದ್ದು ಲಘುಕೌಮುದಿ ಓದುತ್ತಿದ್ದ ಕಾಲ. ಒಮ್ಮೆ ಜ್ವರ ಬಂದು ಎಂಟು ದಿನ ಮಲಗಿದೆವು. ಅಡುಗೆಮನೆಯ ಹಿರಿಯರೊಬ್ಬರು ದಿನವೂ ಬೆಳಿಗ್ಗೆ ಮಹಡಿ ಹತ್ತಿ ಬಂದು ಬಿಸಿಗಂಜಿ, ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟು, ತಲೆ ಹಿಡಿದು ಕುಡಿಸುತ್ತಿದ್ದರು. ಒಂಬತ್ತನೆಯ ದಿನ ಜ್ವರ ಬಿಟ್ಟಿತ್ತು. ನಮಗೆ ಗೊತ್ತಿತ್ತು. ಆದರೂ ಗಂಜಿಯ ಆಸೆಗೆ, ಪಾಠ ತಪ್ಪಿಸುವ ಆಸೆಗೆ, ಮುಸುಕೆಳೆದು ಮಲಗಿಯೇ ಇದ್ದೆವು. ಅವರು ಬಂದರು, ಹಣೆ ಮುಟ್ಟಿ ನೋಡಿದರು, ಗಂಜಿ ಕೊಟ್ಟರು. ಕುಡಿದು ಮುಗಿಸಿದ ಮೇಲೆ, "ಮರಿದೇವರೇ, ನಿನ್ನೆಯ ತನಕ ಗಂಜಿ ಉಂಡದ್ದು ಜ್ವರ. ಇವತ್ತು ಉಂಡದ್ದು ಯಾರು?" ಎಂದು ಕೇಳಿ, ಬಟ್ಟಲು ತೆಗೆದುಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ಅವರು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ಇಳಿಯುತ್ತಿದ್ದರು. ಅವರಿಗೆ ಮಂಡಿನೋವಿದೆಯೆಂಬುದು ಎಂಟು ದಿನ ನಮಗೆ ಕಂಡಿರಲಿಲ್ಲ. ಮಲಗಿದವನ ಕಣ್ಣಿಗೆ ತಟ್ಟೆ ಕಾಣುತ್ತದೆ, ತಂದವರ ಕಾಲು ಕಾಣುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತುಬಿಟ್ಟಾಗ, ಕಾಯಕ ನಿಂತಿತೆಂದು ಮಡದಿ ಲಕ್ಕಮ್ಮನವರು ಎಚ್ಚರಿಸಿದರೆಂಬ ಕಥೆ ನಿಮಗೆಲ್ಲ ಗೊತ್ತಿದೆ. ಅನುಭಾವದಲ್ಲಿ ಕುಳಿತವರನ್ನೇ ಎಬ್ಬಿಸಿ ಕಾಯಕಕ್ಕೆ ಕಳಿಸಿದ ತಾಯಿ ಆಕೆ. ಹಾಸಿಗೆಯಲ್ಲಿ ಕುಳಿತವರನ್ನು ಬಿಟ್ಟಾರೆಯೆ? ಎದ್ದು, ಮಿಂದು, ವಿಭೂತಿ ಧರಿಸಿ, ಲಿಂಗಕ್ಕೆ ಅರ್ಪಿಸಿದರೆ ಅದೇ ಇಡ್ಲಿ ಪ್ರಸಾದ. ಅರ್ಪಿಸದೆ ನುಂಗಿದರೆ ಅದು ಬರಿಯ ತಿಂಡಿ. ಪ್ರಸಾದಿಯಾದವನು ತಟ್ಟೆಯನ್ನೂ ತೊಳೆದು ಕುಡಿಯುತ್ತಾನೆ. ಹಾಸಿಗೆಯವನು ತಟ್ಟೆಯನ್ನು ಮಂಚದ ಕೆಳಗೆ ತಳ್ಳುತ್ತಾನೆ.

ಹಾಗಾದರೆ ಹಾಸಿಗೆಯ ಮೇಲೆ ಯಾರೂ ಉಣ್ಣಲೇಬಾರದೆ? ತಾಳಿ. ಕೆಲವು ವರ್ಷಗಳ ಹಿಂದೆ ಒಬ್ಬ ವೃದ್ಧ ತಾಯಿ ಪಾರ್ಶ್ವವಾಯು ಬಡಿದು ಮಲಗಿದ್ದರು. ಬಲಗೈ ಸ್ವಾಧೀನ ತಪ್ಪಿತ್ತು. ಎರಡು ದಿನದಿಂದ ಗಂಜಿಯನ್ನೂ ಮುಟ್ಟಿಲ್ಲವೆಂದು ಮನೆಯವರು ಕರೆಸಿದರು. "ಸ್ನಾನವಿಲ್ಲ, ಪೂಜೆಯಿಲ್ಲ, ಈ ಹಾಸಿಗೆಯಲ್ಲಿ ಹೇಗೆ ಉಣ್ಣಲಿ ಬುದ್ಧಿ?" ಎಂದು ಆ ತಾಯಿ ಅತ್ತರು. ನಾವು ಹೇಳಿದೆವು: "ತಾಯೀ, ನೀರಿನ ಸ್ನಾನ ವಾರುಣ. ಭಸ್ಮದ ಸ್ನಾನ ಆಗ್ನೇಯ. ಅದೂ ಸ್ನಾನವೇ. ನಿನ್ನ ಲಿಂಗ ಗುಡಿಯಲ್ಲಿಲ್ಲ, ನಿನ್ನ ಎದೆಯ ಮೇಲಿದೆ. ನೀನು ಎಲ್ಲಿದ್ದೀಯೋ ಅದೇ ಗುಡಿ. ಇಂದು ಈ ಮಂಚವೇ ಗುಡಿ." ಸೊಸೆ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದಳು. ಅಂಥವರಿಗೆ ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಇದನ್ನು ಎಲ್ಲರೂ ನೆನಪಿಡಿ. ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟಳು. ಆ ಕೈ ನಡುಗುತ್ತಿತ್ತು. ಸೊಸೆ ತನ್ನ ಕೈಯನ್ನು ಅದರ ಕೆಳಗೆ ಹಿಡಿದಳು. ಅರ್ಪಣೆಯಾಯಿತು. ಗಂಜಿ ಒಳಗೆ ಹೋಯಿತು. ಅದಕ್ಕಿಂತ ದೊಡ್ಡ ದಾಸೋಹವನ್ನು ನಾವು ಕಂಡಿಲ್ಲ. ಅದೂ ಹಾಸಿಗೆಯ ಮೇಲಿನ ತುತ್ತೇ.

ಬಾಣಂತಿಗೆ, ರೋಗಿಗೆ, ಮುದುಕರಿಗೆ ಹಾಸಿಗೆಗೆ ಊಟ ತರುವುದು ಧರ್ಮ. ಅಮೆರಿಕ ದೇಶದಲ್ಲಿ ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ಅಂದು ಮಕ್ಕಳು ತಾವೇ ತಿಂಡಿ ಮಾಡಿ ತಾಯಿಯ ಹಾಸಿಗೆಗೆ ಒಯ್ದು ಕೊಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಅದೂ ಚೆನ್ನವೇ. ಅಲ್ಲಿ ದಿನವೂ ಏಳುವವಳು ಒಂದು ದಿನ ಮಲಗುತ್ತಾಳೆ. ನಮ್ಮಲ್ಲಿ ದಿನವೂ ಏಳುವವಳು ಭಾನುವಾರವೂ ಏಳುತ್ತಾಳೆ. ವ್ಯತ್ಯಾಸ ಇಷ್ಟೆ.

ಆ ಸಂಜೆ ನಾವು ಹುಡುಗಿಯನ್ನು, "ಮಗಳೇ, ನಿನ್ನ ಮಾತೇನು?" ಎಂದು ಕೇಳಿದೆವು. ಆಕೆ, "ತಂದುಕೊಡೋಕೆ ನನಗೆ ಬೇಸರವಿಲ್ಲ ಬುದ್ಧಿ. ನನಗೂ ಆರು ದಿನ ಆಫೀಸಿದೆ. ಭಾನುವಾರ ಅವರು ಒಳಗೆ ತಿಂತಾರೆ, ಅತ್ತೆಯವರು ಆಮೇಲೆ ತಿಂತಾರೆ, ನಾನು ಕೊನೆಗೆ ಆರಿದ್ದನ್ನು ಒಬ್ಬಳೇ ತಿಂತೀನಿ. ಮೂವರೂ ಒಟ್ಟಿಗೆ ಕೂತು ತಿನ್ನೋಕೆ ನಮಗಿರೋದು ಅದೊಂದೇ ದಿನ" ಎಂದಳು. ಆಗ ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೆಲ್ಲಗೆ, "ನಾನೂ ಹಾಗೇ ಒಬ್ಬಳೇ ಉಂಡು ಬಂದವಳು ಬುದ್ಧಿ" ಎಂದರು. ಹುಡುಗ ತಾಯಿಯ ಮುಖವನ್ನೇ ನೋಡುತ್ತಿದ್ದ.

ನಾವು ಬೇರೆ ತೀರ್ಪು ಕೊಡಲಿಲ್ಲ. ನಿಮಗೂ ಎರಡೇ ಪ್ರಶ್ನೆಗಳನ್ನು ಕೊಡುತ್ತೇವೆ. ಹಾಸಿಗೆಗೆ ತಟ್ಟೆ ಬಂದಾಗ ಕೇಳಿಕೊಳ್ಳಿ: ಇದು ಲಿಂಗಕ್ಕೆ ಅರ್ಪಿತವಾಯಿತೆ? ಇದನ್ನು ತಂದವರು ಉಂಡರೆ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಎಲ್ಲಿ ಕುಳಿತು ಉಂಡರೂ ಅದು ಪ್ರಸಾದವೇ. ಇಲ್ಲವಾದರೆ ಏಳಿರಿ, ಮುಖ ತೊಳೆಯಿರಿ, ಅಡುಗೆಮನೆಯ ಕಡೆ ನಡೆಯಿರಿ.

ಗುರು ಬಸವಾದಿ ಪ್ರಮಥರ ಕೃಪೆ ನಿಮ್ಮೆಲ್ಲರ ಮೇಲಿರಲಿ. ನಿಮ್ಮ ಮನೆಗಳಲ್ಲಿ ಪಂಕ್ತಿ ಮುರಿಯದಿರಲಿ.

ಶರಣು ಶರಣಾರ್ಥಿ.