ಆರೋಗ್ಯವಂತರ ರಕ್ತದಲ್ಲಿ ಕರುಳುಬೇನೆಯ ಗುರುತು



ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ‘ಓ’ ಗುಂಪಿನ ರಕ್ತವುಳ್ಳವರಿಗೆ ‘ಎ’ ಅಥವಾ ‘ಬಿ’ ಗುಂಪಿನ ರಕ್ತವನ್ನು ಕೊಡಬಾರದೆಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಕೊಟ್ಟರೆ, ಅವರ ರಕ್ತದಲ್ಲಿ ಮೊದಲೇ ಇರುವ ಪ್ರತಿಕಾಯಗಳು ಹೊರಗಿನ ರಕ್ತಕಣಗಳ ಮೇಲೆ ಎರಗುತ್ತವೆ. ಪ್ರತಿಕಾಯವೆಂದರೆ ಪರಕೀಯ ವಸ್ತುವಿನ ವಿರುದ್ಧ ದೇಹವು ಸಿದ್ಧಪಡಿಸಿಕೊಳ್ಳುವ ಪ್ರೋಟೀನು. ಹಾಗಾದರೆ ಜೀವಮಾನದಲ್ಲಿ ಒಮ್ಮೆಯೂ ಅನ್ಯರ ರಕ್ತವನ್ನು ಪಡೆಯದವರಲ್ಲಿ ಅವು ಹುಟ್ಟಿದ್ದಾದರೂ ಹೇಗೆ?

1959ರಲ್ಲಿ ಅಮೇರಿಕೆಯಲ್ಲಿ ಸ್ಪ್ರಿಂಗರ್ ಮತ್ತು ಅವರ ಸಂಗಡಿಗರು ಕೋಳಿಮರಿಗಳ ಮೇಲೆ ನಡೆಸಿದ ಪ್ರಯೋಗವು ಉತ್ತರ ನೀಡಿತು. ಸಾಮಾನ್ಯವಾಗಿ ಬೆಳೆದ ಮರಿಗಳಲ್ಲಿ ‘ಬಿ’ ಗುಂಪಿನ ವಿರುದ್ಧದ ಪ್ರತಿಕಾಯಗಳು ತಾವಾಗಿಯೇ ಮೂಡಿದವು. ಸೂಕ್ಷ್ಮಾಣುಗಳ ಸೋಂಕೇ ಇಲ್ಲದಂತೆ ಬೆಳೆಸಿದ ಮರಿಗಳಲ್ಲಿ ಮೂಡಲಿಲ್ಲ. ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ರಕ್ತಗುಂಪಿನ ಸಕ್ಕರೆಗಳನ್ನೇ ಹೋಲುವ ಸಕ್ಕರೆಗಳಿವೆ. ಅವುಗಳನ್ನು ಕಂಡು ದೇಹವು ಕಲಿತ ಪಾಠವದು.

ರೋಗಕಾರಕ ಸೂಕ್ಷ್ಮಾಣುಗಳಿಗೂ ಈ ಮಾತು ಸಲ್ಲುತ್ತದೆ. ವಿಷಮಶೀತಜ್ವರ, ಕಾಲರಾ, ರಕ್ತಭೇದಿಗಳ ಸೂಕ್ಷ್ಮಾಣುಗಳು ಅಲ್ಪ ಪ್ರಮಾಣದಲ್ಲಿ ನೀರಿನೊಡನೆ ಒಳಹೊಕ್ಕರೆ ಎಷ್ಟೋ ಸಲ ರೋಗವೇ ಬಾರದು. ಆದರೂ ರಕ್ತದಲ್ಲಿ ಗುರುತು ಉಳಿಯುತ್ತದೆ. ಕೂಸಿಗೆ ಮೊದಲ ರಕ್ಷಣೆ ತಾಯಿಯದು: ಗರ್ಭದಲ್ಲಿ ಮಾಸಿನ ಮೂಲಕ, ಹುಟ್ಟಿದ ಮೇಲೆ ಎದೆಹಾಲಿನ ಮೂಲಕ. ಕರುವಿಗಂತೂ ಮಾಸಿನ ಮೂಲಕ ಪ್ರತಿಕಾಯಗಳು ದೊರೆಯುವುದಿಲ್ಲ, ಗಿಣ್ಣದ ಹಾಲೇ ಆಧಾರ. ಅದಕ್ಕೆಂದೇ ಈದ ಆಕಳ ಕೆಚ್ಚಲಿಗೆ ಕರುವನ್ನು ತಡಮಾಡದೆ ಬಿಡುವ ನಮ್ಮ ಮನೆಗಳಲ್ಲಿ, ಬಾಣಂತಿಯ ಮೊದಲ ಹಾಲನ್ನು ಮಾತ್ರ ಹಿಂಡಿ ಚೆಲ್ಲುವ ರೂಢಿ ಹೇಗೆ ಬಂದಿತೋ ತಿಳಿಯದು. ಕೂಸಿನ ಕರುಳನ್ನು ಕಾಯುವ ಪ್ರತಿಕಾಯಗಳು ಅತಿ ಹೆಚ್ಚು ಇರುವುದು ಆ ಹಾಲಿನಲ್ಲಿಯೇ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಾಲ್ಕು ದಿನ ಜ್ವರ ಬಂದರೆ ನಮ್ಮ ಭಾಗದಲ್ಲಿ ಮೊದಲು ಮಾಡಿಸುವುದು ವಿಡಾಲ್ ಪರೀಕ್ಷೆ. 1896ರಲ್ಲಿ ಪ್ಯಾರಿಸಿನ ಫೆರ್ನಾಂಡ್ ವಿಡಾಲ್ ಪ್ರಚಾರಕ್ಕೆ ತಂದದ್ದು. ರೋಗಿಯ ರಕ್ತದ್ರವವನ್ನು ಮತ್ತೆ ಮತ್ತೆ ತೆಳುವಾಗಿಸಿ ಅದಕ್ಕೆ ವಿಷಮಶೀತಜ್ವರದ ಬ್ಯಾಕ್ಟೀರಿಯಾಗಳನ್ನು ಕೂಡಿಸುತ್ತಾರೆ. ಪ್ರತಿಕಾಯಗಳಿದ್ದರೆ ಅವು ಗುಂಪುಗೂಡಿ ಹೆಪ್ಪುಗಟ್ಟುತ್ತವೆ. ಪರೀಕ್ಷೆಯು ತೋರಿಸುವುದು ಪ್ರತಿಕಾಯವನ್ನು, ರೋಗವನ್ನಲ್ಲ. ಈ ಜ್ವರ ಸದಾ ಸುಳಿದಾಡುವ ನಾಡಿನಲ್ಲಿ, ಗಟ್ಟಿಮುಟ್ಟಾಗಿ ಹೊಲದಲ್ಲಿ ದುಡಿಯುವವರ ರಕ್ತದಲ್ಲಿಯೂ 80 ಪಟ್ಟು ತೆಳುವಾಗಿಸಿದ ಮೇಲೆ ಅದು ಕಾಣಿಸಿಕೊಳ್ಳಬಹುದು. ಅಂಥವರಿಗೆ ಡೆಂಗಿಯೋ ಮಲೇರಿಯಾವೋ ಬಂದಾಗ ಒಂದೇ ವಿಡಾಲ್ ಮಾಡಿಸಿ, ಚೀಟಿಯಲ್ಲಿ ‘ಪಾಸಿಟಿವ್’ ಎಂದು ಓದಿ, ಟೈಫಾಯ್ಡ್ ಎಂದು ನಿರ್ಧರಿಸಿ ಹದಿನಾಲ್ಕು ದಿನ ಗುಳಿಗೆ ನುಂಗಿಸಿದರೆ ನಿಜವಾದ ರೋಗವು ಒಳಗೇ ಬಲಿಯುತ್ತದೆ. ಹಳೆಯ ಸಾಲದ ಪತ್ರ ತೋರಿಸಿ ಹೊಸದಾಗಿ ವಸೂಲಿ ಮಾಡಿದಂತೆ ಇದು. ಆದ್ದರಿಂದ ಔಷಧ ಆರಂಭಿಸುವ ಮೊದಲೇ, ಜ್ವರದ ಮೊದಲ ವಾರದಲ್ಲಿ, ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯೇ ಹೆಚ್ಚು ನಂಬತಕ್ಕದ್ದು. ಅದು ಸಾಧ್ಯವಾಗದಿದ್ದರೆ, ವಾರ ಹತ್ತು ದಿನ ಬಿಟ್ಟು ಮಾಡಿದ ಎರಡನೆಯ ವಿಡಾಲಿನಲ್ಲಿ ಪ್ರಮಾಣವು ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ವೈದ್ಯರನ್ನು ಇದರ ಬಗೆಗೆ ಕೇಳುವುದು ಅಧಿಕಪ್ರಸಂಗವಲ್ಲ.

“ನಾವು ಹಳ್ಳದ ನೀರು ಕುಡಿದೇ ಬೆಳೆದೆವು, ನಮಗೇನಾಯಿತು?” ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂದಿನ ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ 1960ರ ದಶಕದಲ್ಲಿ ಅಧ್ಯಯನ ಮಾಡಿದವರು, ವಯಸ್ಸು ಏರಿದಂತೆ ಜನರ ರಕ್ತದಲ್ಲಿ ಕಾಲರಾ ಸೂಕ್ಷ್ಮಾಣುವನ್ನು ಕೊಲ್ಲುವ ಪ್ರತಿಕಾಯಗಳು ಏರುವುದನ್ನೂ, ರೋಗ ತಗಲುವುದು ಇಳಿಯುವುದನ್ನೂ ಕಂಡರು. ಆದರೆ ಅಲ್ಲಿ ರೋಗದ ಭಾರವನ್ನು ಹೊತ್ತವರು ಚಿಕ್ಕ ಮಕ್ಕಳು. ಹಳ್ಳದ ನೀರು ಕುಡಿದು ಉಳಿದವರು ಇಂದು ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಾರೆ. ಉಳಿಯದ ಅವರ ಒಡಹುಟ್ಟಿದವರನ್ನು ಲೆಕ್ಕಕ್ಕೆ ಹಿಡಿದವರಾರು? ಮೇಲಾಗಿ ಆ ಶಕ್ತಿ ಶಾಶ್ವತವೂ ಅಲ್ಲ, ಅಭೇದ್ಯವೂ ಅಲ್ಲ. ಸೂಕ್ಷ್ಮಾಣುಗಳ ಪ್ರಮಾಣ ಹೆಚ್ಚಾದರೆ ಅದು ಸೋಲುತ್ತದೆ. ಪಂಢರಪುರದ ವಾರಿಗೆ, ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಸಾವಿರಾರು ಜನ ಕೂಡಿದಾಗ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಬೇಕಾದುದು ಇದಕ್ಕಾಗಿಯೇ. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಮ್ಮ ಜತ್ತ ತಾಲೂಕಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ರೋಗದ ಬೆಲೆ ತೆರದೆ ಪ್ರತಿಕಾಯವನ್ನು ಪಡೆಯುವ ದಾರಿ ಲಸಿಕೆ. ನಮ್ಮದೇ ರಾಜ್ಯದ ನವಿ ಮುಂಬಯಿ ಮಹಾನಗರಪಾಲಿಕೆಯು 2018ರಲ್ಲಿ ಒಂಬತ್ತು ತಿಂಗಳಿನಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೊಸ ಬಗೆಯ ಟೈಫಾಯ್ಡ್ ಲಸಿಕೆಯನ್ನು ಹಾಕಿಸುವ ಕಾರ್ಯವನ್ನು ಆರಂಭಿಸಿತು. ಲಸಿಕೆಯೂ ಭಾರತದಲ್ಲಿಯೇ ತಯಾರಾದದ್ದು. ಅದು ದರಿಬಡಚಿಯ ಮಕ್ಕಳಿಗೂ ದೊರೆಯಬೇಕೆಂದು ಕೇಳುವ ಹಕ್ಕು ಇಲ್ಲಿ ಕುಳಿತಿರುವ ಪ್ರತಿಯೊಬ್ಬ ಪಾಲಕರಿಗೂ ಇದೆ.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳಿದ್ದರೆ ಉತ್ತರಿಸಲು ಸಿದ್ಧನಿದ್ದೇನೆ.