ಅನುಯಾಯಿ ಯಾರು?



ಒಂದು ಧರ್ಮಪಂಥವನ್ನು ಸೇರಿದವರೆಲ್ಲರೂ ಅದನ್ನು ನಂಬಿದವರೇ ಆಗಿರುತ್ತಾರೆಯೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಗ್ರಂಥಾಲಯದಲ್ಲಲ್ಲ. ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿ, ಕುದ್ಮುಲ್ ರಂಗರಾಯರ ಸಮಾಧಿಯ ಮುಂದೆ.

ವಂಗದೇಶದಲ್ಲಿ ಹುಟ್ಟಿದ ಬ್ರಾಹ್ಮಸಮಾಜ ನಮ್ಮ ಊರಿಗೆ ಬಂದದ್ದು 1870ರಲ್ಲಿ. ಬರಮಾಡಿಕೊಂಡವರು ಬಿಲ್ಲವ ಮುಖಂಡ ಅರಸಪ್ಪನವರು. ದೇವಾಲಯಗಳ ಬಾಗಿಲು ತಮ್ಮವರಿಗೆ ಮುಚ್ಚಿದ್ದ ಕಾಲದಲ್ಲಿ, ಜಾತಿಯನ್ನೊಪ್ಪದ ಸಮಾಜವೊಂದಿದೆಯೆಂದು ಕೇಳಿ ಅವರು ಕಲ್ಕತ್ತೆಗೆ ಬರೆದರು. ಕೇಶವಚಂದ್ರ ಸೇನರು ಪ್ರಚಾರಕರನ್ನು ಕಳುಹಿದರು. ಆದರೆ ನಿರೀಕ್ಷಿಸಿದ ಜನಸಮೂಹ ದೀಕ್ಷೆಗೆ ಬರಲಿಲ್ಲ. ಇತ್ತ ಉಳ್ಳಾಲ ರಘುನಾಥಯ್ಯನವರೇ ಮೊದಲಾದ ಸಾರಸ್ವತರು ಏಕದೇವೋಪಾಸನೆಯನ್ನು ಮನಸಾರೆ ಒಪ್ಪಿದರೂ ಜಾತಿಯ ಕಟ್ಟನ್ನು ಹರಿಯಲಾರದೆ ಬೇರೆಯೇ ಉಪಾಸನಾ ಸಭೆಯನ್ನು ಕಟ್ಟಿಕೊಂಡರು. ಬಿಲ್ಲವರನ್ನು ಶ್ರದ್ಧಾಹೀನರೆನ್ನುವುದು ಅನ್ಯಾಯ. ಅವರು ಅರಸಿದ್ದು ಮಾನವನ್ನು; ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದಾಗ ಅದು ಅವರಿಗೆ ದೊರಕಿತು. ನನಗೆ ತೊಡಕಾಗಿ ತೋರುವುದು ಆ ಸುಶಿಕ್ಷಿತರ ನಿಲುವೇ. ಪ್ರಾರ್ಥನೆಯಲ್ಲಿ ಅವರಿಗೆ ಸಂಶಯವಿರಲಿಲ್ಲ, ಪಂಕ್ತಿಯಲ್ಲಿತ್ತು.

ರಂಗರಾಯರೂ ಅದೇ ಸಾರಸ್ವತ ಕುಲದವರು. 1859ರಲ್ಲಿ ಇಂದಿನ ಕಾಸರಗೋಡು ಜಿಲ್ಲೆಯ ಕುದ್ಮುಲಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಉಪಾಧ್ಯಾಯರಾಗಿ, ಬಳಿಕ ವಕೀಲರಾದರು. ಬ್ರಾಹ್ಮರಾದ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅಕ್ಷರದ ಜೊತೆಗೆ ನೇಯ್ಗೆ, ಮಧ್ಯಾಹ್ನದ ಊಟ. ಸ್ವಜಾತಿಯವರು ಬಹಿಷ್ಕರಿಸಿದರು. ಕ್ಷೌರಿಕ ಬರಲಿಲ್ಲ, ಮಡಿವಾಳ ಬರಲಿಲ್ಲ. ಪಂಥವೊಂದರ ತತ್ತ್ವವನ್ನು ಸಭೆಯಲ್ಲಿ ಒಪ್ಪುವುದು ಒಂದು. ಮನೆಯಲ್ಲಿ ಒಗೆಯದ ಬಟ್ಟೆಯ ರಾಶಿ ಬೆಳೆಯುತ್ತಿರುವಾಗ, ಹೆಂಡತಿ ಮಕ್ಕಳ ಮುಖ ನೋಡುತ್ತ ಒಪ್ಪುವುದು ಇನ್ನೊಂದು. (ನಾನು ಯಾವ ಬಗೆಯವನೆಂದು ಕೇಳಬೇಡಿ.) 1912ರಲ್ಲಿ ಮಗಳು ರಾಧಾಬಾಯಿಯನ್ನು ತಮಿಳುನಾಡಿನ ಸುಬ್ಬರಾಯನ್ ಅವರಿಗೆ, ಜಾತಿಯ ಎಲ್ಲೆ ದಾಟಿ, ಮದುವೆ ಮಾಡಿಕೊಟ್ಟರು.

ಇಷ್ಟೇ ಆಗಿದ್ದರೆ ಅವರನ್ನು ನಿಷ್ಠಾವಂತ ಬ್ರಾಹ್ಮರೆಂದು ಹೇಳಿ ಮುಗಿಸಬಹುದಿತ್ತು. ಆದರೆ 1927ರಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ಗೃಹಸ್ಥಧರ್ಮವನ್ನೇ ಎತ್ತಿಹಿಡಿದ ಸಮಾಜದವರು ಕಾವಿ ಉಟ್ಟರೆ ಏನೆನ್ನೋಣ? ಪಂಥದ ಲೆಕ್ಕದಲ್ಲಿ ಅದು ಜಾರುವಿಕೆಯೇ ಇರಬಹುದು. ನನಗೆ ಹಾಗೆನಿಸುವುದಿಲ್ಲ. 1928ರಲ್ಲಿ ತೀರಿಕೊಂಡ ಅವರು ತಮ್ಮ ಶವವನ್ನು ಜಾಡಮಾಲಿಗಳೇ ಹೊರಬೇಕೆಂದು ಬಯಸಿದ್ದರು. ಕಾವಿಯ ಒಳಗಿದ್ದವರು ಹಳೆಯ ರಂಗರಾಯರೇ.

ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಹುದ್ದೆಗೇರಿ, ಅದರ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಹಂಬಲವಾಗಿತ್ತು. ಬಾಬುಗುಡ್ಡೆಯ ದಾರಿಯಲ್ಲಿ ಇಂದು ಕಾರುಗಳು ಎಡೆಬಿಡದೆ ಓಡುತ್ತವೆ. ಒಳಗೆ ಯಾರಿದ್ದಾರೆಂದು ಇಣುಕಿ ನೋಡುವ ಚಪಲ ನನ್ನನ್ನು ಈಗಲೂ ಬಿಟ್ಟಿಲ್ಲ.